ಬ್ರೇಕ್ ಪೆಡಲ್ ಸೆನ್ಸರ್ ಕೆಟ್ಟಿದೆಯೇ? ಬದಲಿಸುವ ಮುನ್ನ ಅಳೆದು ನೋಡುವ ಕ್ರಮ

ಕಾಲು ಬ್ರೇಕ್ ಮೇಲೇ ಇದೆ, ಆದರೂ ಡ್ಯಾಶ್‌ಬೋರ್ಡ್ 'ಬ್ರೇಕ್ ಒತ್ತಿ' ಎನ್ನುತ್ತಿದೆ. ಆಟೋಮ್ಯಾಟಿಕ್ ಗಾಡಿಯ ಗೇರ್ ಲಿವರ್ 'ಪಿ' ಬಿಟ್ಟು ಕದಲುವುದಿಲ್ಲ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಿಡಿಯುವುದಿಲ್ಲ, ಎಬಿಎಸ್ ಅಥವಾ ಗಾಡಿ ಜಾರದಂತೆ ಕಾಯುವ ಇಎಸ್‌ಪಿ ದೀಪ ಹತ್ತಿಕೊಂಡಿದೆ. ಇನ್ನೊಬ್ಬರದ್ದು ಬೇರೆಯೇ ದೂರು: ಬೆಳಿಗ್ಗೆ ಬಂದು ನೋಡಿದರೆ ಬ್ಯಾಟರಿ ಸತ್ತಿದೆ, ರಾತ್ರಿಯಿಡೀ ಬ್ರೇಕ್ ಲೈಟ್ ಉರಿದಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಇಷ್ಟೂ ತೊಂದರೆಗಳ ಬೇರು ಒಂದೇ ಜಾಗದಲ್ಲಿ ಇರಬಹುದು. ಪೆಡಲ್ ತೋಳಿನ ಮೇಲ್ತುದಿಯ ಹತ್ತಿರ, ಸ್ಟೀರಿಂಗ್ ಕಾಲಂ ಕೆಳಗಿನ ಕತ್ತಲಲ್ಲಿ ಕೂತಿರುವ ಬೆರಳುದ್ದದ ಒಂದು ಸ್ವಿಚ್ಚು ಅಥವಾ ಸೆನ್ಸರ್ ಅದು.

ಭಾಗ ಚಿಕ್ಕದು, ಬದಲಿಸುವುದೂ ಸುಲಭ. ಅದಕ್ಕೇ ಬಹಳ ಕಡೆ ಮೊದಲು ಬದಲಿಸುತ್ತಾರೆ, ತೊಂದರೆ ಹಾಗೇ ಉಳಿದಾಗ ಯೋಚಿಸಲು ಕೂರುತ್ತಾರೆ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ತೋರಿಸುವ ದೋಷದ ಕೋಡ್ 'ಸ್ವಿಚ್ ಕೆಟ್ಟಿದೆ' ಎಂದು ಹೇಳುವುದಿಲ್ಲ. 'ಈ ಸರ್ಕ್ಯೂಟ್‌ನಿಂದ ಬರುತ್ತಿರುವ ಸುದ್ದಿ ನಂಬುವಂತಿಲ್ಲ' ಎಂದಷ್ಟೇ ಹೇಳುತ್ತದೆ. ಸುದ್ದಿ ಹೇಳುವ ಸೆನ್ಸರೇ ತಪ್ಪು ಹೇಳುತ್ತಿರಬಹುದು, ಸುದ್ದಿ ವೈರಿನ ದಾರಿಯಲ್ಲಿ ಕಳೆದುಹೋಗಿರಬಹುದು, ಅಪರೂಪಕ್ಕೆ ಕೇಳಿಸಿಕೊಳ್ಳುವ ಕಂಪ್ಯೂಟರ್ ಕಿವುಡಾಗಿರಬಹುದು. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಹೊಸ ಭಾಗದ ಪೊಟ್ಟಣ ಬಿಚ್ಚಬೇಡಿ.

ನಿಮ್ಮ ಗಾಡಿಯಲ್ಲಿ ಇರುವುದು ಯಾವುದು

'ಬ್ರೇಕ್ ಪೆಡಲ್ ಸೆನ್ಸರ್' ಎಂಬ ಒಂದೇ ಹೆಸರಿನಲ್ಲಿ ಮೂರ್ನಾಲ್ಕು ಬೇರೆ ಬೇರೆ ವಸ್ತುಗಳನ್ನು ಕರೆಯುವುದು ರೂಢಿ. ಅಳೆಯುವ ರೀತಿ ಒಂದೊಂದಕ್ಕೂ ಬೇರೆ. ಆದ್ದರಿಂದ ಮೊದಲು ಟಾರ್ಚ್ ಹಿಡಿದು ಬಗ್ಗಿ, ಕನೆಕ್ಟರ್‌ಗೆ ಬರುವ ವೈರುಗಳನ್ನು ಎಣಿಸಿ.

ಎರಡು ವೈರು ಇದ್ದರೆ ಅದು ಹಳೆಯ ಕಾಲದ ಸಾದಾ ಬ್ರೇಕ್ ಲೈಟ್ ಸ್ವಿಚ್. ಒಂದು ಕಡೆಯಿಂದ ಬ್ಯಾಟರಿ ಸಪ್ಲೈ ಬರುತ್ತದೆ, ಇನ್ನೊಂದು ಕಡೆಯಿಂದ ದೀಪಕ್ಕೆ ಹೋಗುತ್ತದೆ. ಪೆಡಲ್ ಮೇಲಿರುವಾಗ ಅದರ ತೋಳು ಸ್ವಿಚ್ಚಿನ ಮೂತಿಯನ್ನು ಒಳಗೆ ಅದುಮಿ ಹಿಡಿದಿರುತ್ತದೆ, ಒಳಗಿನ ಸಂಪರ್ಕ ಬಿಟ್ಟಿರುತ್ತದೆ. ಪೆಡಲ್ ಒತ್ತಿದಾಗ ಮೂತಿ ಹೊರಗೆ ಬಂದು ಸಂಪರ್ಕ ಕೂಡುತ್ತದೆ. ಅಂದರೆ ಸ್ವಿಚ್ಚನ್ನು ಕೈಯಲ್ಲಿ ಸುಮ್ಮನೆ ಹಿಡಿದುಕೊಂಡಿರುವ ಸ್ಥಿತಿ 'ಬ್ರೇಕ್ ಒತ್ತಿದ' ಸ್ಥಿತಿಗೆ ಸಮ. ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷಿಸುವವರು ಇದನ್ನು ಮರೆತು, ಸರಿಯಿರುವ ಸ್ವಿಚ್ಚನ್ನೇ ಕಸದ ಬುಟ್ಟಿಗೆ ಹಾಕುವುದುಂಟು.

ನಾಲ್ಕು ವೈರು ಇದ್ದರೆ ಸಾಮಾನ್ಯವಾಗಿ ಒಂದೇ ಗೂಡಿನಲ್ಲಿ ಎರಡು ಸ್ವಿಚ್ಚುಗಳಿರುತ್ತವೆ. ಒಂದು ಬ್ರೇಕ್ ಲೈಟಿಗೆ, ಪೆಡಲ್ ಒತ್ತಿದಾಗ ಕೂಡುವಂಥದ್ದು. ಇನ್ನೊಂದು ಎಂಜಿನ್ ಕಂಪ್ಯೂಟರ್ ಮತ್ತು ಕ್ರೂಸ್ ಕಂಟ್ರೋಲ್‌ಗೆ, ಪೆಡಲ್ ಒತ್ತಿದಾಗ ಬಿಡುವಂಥದ್ದು. ಇವೆರಡೂ ಯಾವಾಗಲೂ ಒಂದಕ್ಕೊಂದು ವಿರುದ್ಧವಾಗಿರಬೇಕು. ಎರಡೂ ಒಟ್ಟಿಗೆ ಕೂಡಿಕೊಂಡಿದ್ದರೆ, ಇಲ್ಲವೇ ಎರಡೂ ಒಟ್ಟಿಗೆ ಬಿಟ್ಟಿದ್ದರೆ, ಒಂದು 'ಒತ್ತಿದೆ' ಇನ್ನೊಂದು 'ಒತ್ತಿಲ್ಲ' ಎಂದಂತೆ; ಆಗ ಕಂಪ್ಯೂಟರ್ ಎರಡನ್ನೂ ನಂಬುವುದಿಲ್ಲ, ಪಿ0504 ಎಂಬ ಕೋಡ್ ದಾಖಲಿಸುತ್ತದೆ.

ಮೂರು ವೈರು ಇದ್ದು, ಕನೆಕ್ಟರ್ ಪೆಡಲ್‌ನ ತಿರುಗುವ ಕೀಲಿನ ಪಕ್ಕದಲ್ಲೇ ಇದ್ದರೆ ಅದು ನಿಜವಾದ ಸೆನ್ಸರ್: 5 ವೋಲ್ಟ್ ರೆಫರೆನ್ಸ್, ಅರ್ಥ್, ಸಿಗ್ನಲ್. ಪೆಡಲ್ ಎಷ್ಟು ಇಳಿಯಿತು ಎಂಬುದನ್ನು ಇದು ಅಳತೆಯಾಗಿ ಕಳಿಸುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳಲ್ಲಿ ಇದೇ ಕೆಲಸಕ್ಕೆ ಎರಡು ಸಿಗ್ನಲ್‌ಗಳ ಸ್ಟ್ರೋಕ್ ಸೆನ್ಸರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಡಲ್ ಹತ್ತಿರ ಏನೂ ಕಾಣುವುದಿಲ್ಲ. ಬಾನೆಟ್ ಎತ್ತಿದರೆ, ಪೆಡಲ್ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್‌ನ ಹೊಟ್ಟೆಗೆ ಅಂಟಿಕೊಂಡ ಹಾಲ್ ಸೆನ್ಸರ್ ಸಿಗುತ್ತದೆ. ಒಳಗಿನ ಪಿಸ್ಟನ್ ಮೇಲಿನ ಅಯಸ್ಕಾಂತ ಸರಿದದ್ದನ್ನು ಅದು ಹೊರಗಿನಿಂದಲೇ ಗುರುತಿಸುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಹತ್ತಿದ್ದರೆ ಮೊದಲು ನೋಡಬೇಕಾದ್ದು ಹ್ಯಾಂಡ್‌ಬ್ರೇಕ್ ಮತ್ತು ಬ್ರೇಕ್ ಆಯಿಲ್ ಮಟ್ಟ. ಆಯಿಲ್ ಡಬ್ಬಿಯ ಸೆನ್ಸರ್ ಬೇರೆ, ಬ್ರೇಕ್ ಪ್ಯಾಡ್ ಸವೆದದ್ದನ್ನು ಹೇಳುವ ವೈರು ಬೇರೆ. ಅವುಗಳಿಗೂ ಪೆಡಲ್ ಸೆನ್ಸರಿಗೂ ಸಂಬಂಧವಿಲ್ಲ.

ಕೈಗೆ ಬೇಕಾದ್ದು

ಡಿಜಿಟಲ್ ಮಲ್ಟಿಮೀಟರ್, ಕನೆಕ್ಟರ್‌ನ ಹಿಂಬದಿಯಿಂದ ತೂರಿಸಲು ತೆಳ್ಳನೆಯ ಪ್ರೋಬ್, ಲೈವ್ ಡೇಟಾ (ಆ ಕ್ಷಣದ ಅಂಕಿಗಳು) ತೋರಿಸುವ ಒಬಿಡಿ ಸ್ಕ್ಯಾನರ್, ಟಾರ್ಚ್, 10 ಆಂಪಿಯರ್ ಫ್ಯೂಸ್ ಕೂಡಿಸಿದ ಜಂಪರ್ ವೈರು, ಗಾಡಿಯ ವೈರಿಂಗ್ ಚಿತ್ರ. ಪೆಡಲ್ ಒತ್ತಿ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಪೆಡಲ್‌ಗೂ ಸೀಟಿಗೂ ನಡುವೆ ಅಳತೆಗೆ ತಕ್ಕ ಮರದ ಕೋಲು ಸಿಕ್ಕಿಸಿ. ವೈರಿನ ಮೈಗೆ ಸೂಜಿ ಚುಚ್ಚಿ ವೋಲ್ಟ್ ನೋಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಆ ತೂತಿನಿಂದ ತೇವ ಒಳಗಿಳಿದು, ಕೆಲವು ತಿಂಗಳಲ್ಲಿ ತಾಮ್ರ ಹಸಿರುಗಟ್ಟಿ, ಹೊಸದೊಂದು ತೊಂದರೆ ಹುಟ್ಟಿಕೊಳ್ಳುತ್ತದೆ.

ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಚಕ್ರಗಳಿಗೆ ಅಡೆ ಕೊಡಿ. ಸ್ಟೀರಿಂಗ್ ಕಾಲಂ ಸುತ್ತಮುತ್ತ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಮೀಟರ್ ಅದರ ಹತ್ತಿರವೂ ಸುಳಿಯಬಾರದು.

ಮೀಟರಿಗಿಂತ ಮೊದಲು ಕಣ್ಣು

ಚಾಲಕನ ಕಾಲಿನ ಕೆಳಗಿನ ಮ್ಯಾಟ್ ತೆಗೆದು ನೋಡಿ. ಒಣಗಿದ ಬಿಸ್ಕತ್ತಿನ ಪುಡಿಯಂಥ ಪ್ಲಾಸ್ಟಿಕ್ ಚೂರುಗಳು ಬಿದ್ದಿವೆಯೇ? ಬಿದ್ದಿದ್ದರೆ ನಿಮ್ಮ ಕೆಲಸ ಬಹುಪಾಲು ಮುಗಿಯಿತು. ಸ್ವಿಚ್ಚಿನ ಮೂತಿ ತಾಗುವ ಜಾಗದಲ್ಲಿ ಪೆಡಲ್ ತೋಳಿಗೆ ಒಂದು ತೂತು ಇರುತ್ತದೆ, ಆ ತೂತಿಗೆ ಗುಂಡಿಯಷ್ಟು ದೊಡ್ಡ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆ ಕೂರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಕಾದ ಗಾಡಿಯೊಳಗೆ ಅದು ಗಡುಸಾಗಿ, ಬಿರುಕು ಬಿಟ್ಟು, ಒಂದು ದಿನ ಪುಡಿಯಾಗಿ ಉದುರುತ್ತದೆ. ಆಮೇಲೆ ಪೆಡಲ್ ಮೇಲೆ ಬಂದರೂ ಸ್ವಿಚ್ಚಿನ ಮೂತಿ ಅದೇ ತೂತಿನೊಳಗೆ ನುಗ್ಗಿ ಆರಾಮವಾಗಿ ನಿಂತುಬಿಡುತ್ತದೆ. ಅದನ್ನು ಅದುಮುವವರೇ ಇಲ್ಲ. ಸ್ವಿಚ್ಚಿನ ದೃಷ್ಟಿಯಲ್ಲಿ ಬ್ರೇಕ್ ಸದಾ ಒತ್ತಿದೆ.

ಆಗ ಏನೇನಾಗುತ್ತದೆ ನೋಡಿ. ಬ್ರೇಕ್ ಲೈಟ್ ಆರುವುದಿಲ್ಲ. ತಲಾ 21 ವ್ಯಾಟ್‌ನ ಎರಡು ಬಲ್ಬುಗಳು ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. 45 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಮೇಲೆ 13 ಗಂಟೆಯೊಳಗೆ ಬರಿದು. ಸ್ಟಾರ್ಟರ್ ತಿರುಗಿಸುವ ಶಕ್ತಿ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಕ್ರೂಸ್ ಕಂಟ್ರೋಲ್ ಹಿಡಿಯುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಎಂಜಿನ್ ಶಕ್ತಿಯನ್ನು ಗೇರಿಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಇಂಧನ ಹೆಚ್ಚು ಕುಡಿಯುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಹಲವು ಗಾಡಿಗಳಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತಿದಂತೆ ಕಂಡರೆ ಎಂಜಿನ್ ಶಕ್ತಿ ಕಡಿತವಾಗುತ್ತದೆ, ಗಾಡಿ ಎಳೆಯುವುದೇ ಇಲ್ಲ. ಜನ ಫ್ಯುಯೆಲ್ ಪಂಪ್, ಟರ್ಬೊ ಎಂದೆಲ್ಲ ಅನುಮಾನಿಸಿ ಎಂಜಿನ್ ಬಿಚ್ಚಲು ಹೊರಡುತ್ತಾರೆ. ಎಲ್ಲಕ್ಕೂ ಕಾರಣ ಮ್ಯಾಟ್ ಮೇಲೆ ಪುಡಿಯಾಗಿ ಬಿದ್ದಿರುವ ಆ ಬಿರಡೆ! ಹೊಸ ಬಿರಡೆಯನ್ನು ಬೆರಳಿನಲ್ಲೇ ಒತ್ತಿ ಕೂರಿಸಬಹುದು. ಅದು ಸಿಗುವವರೆಗೆ ಚಪ್ಪಟೆ ತಲೆಯ ಬೋಲ್ಟ್ ಮತ್ತು ನಟ್ ಹಾಕಿ ತೂತು ಮುಚ್ಚಿದರೂ ಗಾಡಿ ಓಡುತ್ತದೆ. ಆದರೆ ಬೋಲ್ಟಿನ ತಲೆ ಬಿರಡೆಗಿಂತ ದಪ್ಪವಿರಬಾರದು. ಏಕೆ ಎಂಬುದು ಮುಂದೆ ಬರುತ್ತದೆ.

ಬಿರಡೆ ಸರಿಯಿದ್ದರೆ ಬೆರಳಿನಿಂದ ಮೂತಿಯನ್ನು ಒಳಗೆ ಒತ್ತಿ ಬಿಡಿ. ಅಂಟಿಕೊಳ್ಳದೆ ಪುಟಿದು ಹೊರಗೆ ಬರಬೇಕು. ಸ್ವಿಚ್ ತನ್ನ ಬ್ರಾಕೆಟ್ಟಿನಲ್ಲಿ ಅಲ್ಲಾಡುತ್ತಿದೆಯೇ, ಅದರ ಕ್ಲಿಪ್ ಮುರಿದಿದೆಯೇ, ಹಿಂದೊಮ್ಮೆ ಯಾರೋ ಕಾಲಿನಿಂದ ತಳ್ಳಿ ಓರೆ ಮಾಡಿದ್ದಾರೆಯೇ ನೋಡಿ. ಪೆಡಲ್ ತಾನೇ ಪೂರ್ತಿ ಮೇಲೆ ಬರುತ್ತಿದೆಯೇ? ಪೆಡಲ್ ಕೆಳಗೆ ಬೆರಳು ಕೊಟ್ಟು ಮೇಲಕ್ಕೆ ಎಳೆದಾಗ ಬ್ರೇಕ್ ಲೈಟ್ ಆರಿದರೆ ತೊಂದರೆ ವಿದ್ಯುತ್ತಿನದ್ದಲ್ಲ. ಪೆಡಲ್ ಸ್ಪ್ರಿಂಗ್, ಒಣಗಿದ ಕೀಲು ಅಥವಾ ಸ್ವಿಚ್ ಕೂತ ಅಳತೆಯದ್ದು.

ಫ್ಯೂಸ್, ಬಲ್ಬ್, ಅರ್ಥ್

ಇದು ಐದು ನಿಮಿಷದ ಕೆಲಸ, ಬಿಡಬೇಡಿ. ಬ್ರೇಕ್ ಲೈಟಿನ ಫ್ಯೂಸ್ ಹೆಚ್ಚಾಗಿ 10 ಅಥವಾ 15 ಆಂಪಿಯರ್. ಅದರ ತಲೆಯ ಮೇಲಿನ ಎರಡೂ ಲೋಹದ ಚುಕ್ಕೆಗಳಲ್ಲಿ 12 ವೋಲ್ಟ್ ಕಾಣಬೇಕು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಸ್ವಿಚ್ಚನ್ನು ಬಿಟ್ಟು ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಮಡಚಿ ಬಿಚ್ಚಿ ಸವೆದ ವೈರನ್ನು, ಕರಗಿದ ಬಲ್ಬ್ ಹೋಲ್ಡರನ್ನು ಹುಡುಕಿ. ಒಂದು ಬದಿಯ ದೀಪ ಮಾತ್ರ ಉರಿಯುತ್ತಿಲ್ಲ ಎಂದರೆ ಪೆಡಲ್ ಸ್ವಿಚ್ ನಿರಪರಾಧಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಅಥವಾ ಪಾರ್ಕಿಂಗ್ ದೀಪ ಮಂಕಾಗಿ ಮಿನುಗಿದರೆ ಹಿಂದಿನ ದೀಪದ ಅರ್ಥ್ ಸಡಿಲವಾಗಿದೆ. ಮೂಲ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ್ದರೆ, ಬಲ್ಬಿನ ಮೇಲೆ ಕಣ್ಣಿಡುವ ಕಂಪ್ಯೂಟರ್ 'ಬಲ್ಬ್ ಹೋಗಿದೆ' ಎಂದುಕೊಂಡು ದೂರು ದಾಖಲಿಸಿರಬಹುದು. ಪರೀಕ್ಷೆ ಮುಗಿಯುವವರೆಗೆ ಮೂಲ ಬಲ್ಬನ್ನೇ ಹಾಕಿಡಿ.

ಸ್ಕ್ಯಾನರ್ ಹೇಳುವುದನ್ನು ಓದುವ ಬಗೆ

ಪಿ0571, ಪಿ0572, ಪಿ0573 ಇವು ಬ್ರೇಕ್ ಸ್ವಿಚ್ 'ಎ' ಸರ್ಕ್ಯೂಟಿನವು: ಕ್ರಮವಾಗಿ ಸಾಮಾನ್ಯ ದೋಷ, ವೋಲ್ಟೇಜ್ ಕಡಿಮೆ, ವೋಲ್ಟೇಜ್ ಹೆಚ್ಚು. ಪಿ0703, ಪಿ0719, ಪಿ0724 ಅದೇ ಕ್ರಮದಲ್ಲಿ ಸ್ವಿಚ್ 'ಬಿ'ಯವು. ಎರಡೂ ಪರಸ್ಪರ ತಾಳೆಯಾಗದಿದ್ದರೆ ಪಿ0504. ಪೆಡಲ್ ಸ್ಥಾನ ಅಳೆಯುವ ಸೆನ್ಸರಿನದ್ದಾದರೆ ಪಿ057ಬಿ, ಪಿ057ಸಿ, ಪಿ057ಡಿ. ಜನರಲ್ ಮೋಟರ್ಸ್ ಗಾಡಿಗಳಲ್ಲಿ ಸಿ0277 ಕಾಣಬಹುದು. 'ಕಡಿಮೆ', 'ಹೆಚ್ಚು' ಎಂಬ ಮಾತನ್ನು ಕಡೆಗಣಿಸಬೇಡಿ. ಸಿಗ್ನಲ್ ವೈರು ತುಂಡಾಗಿದೆಯೋ, ಅರ್ಥಿಗೆ ತಾಗಿದೆಯೋ, ಸಪ್ಲೈಗೆ ತಾಗಿದೆಯೋ ಎಂಬುದರ ಮೊದಲ ಸುಳಿವು ಅಲ್ಲೇ ಇದೆ.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್, ಅಂದರೆ ಕೋಡ್ ದಾಖಲಾದ ಕ್ಷಣದ ಅಂಕಿಗಳನ್ನು, ಬರೆದಿಟ್ಟುಕೊಳ್ಳಿ. ಆಮೇಲೆ ಲೈವ್ ಡೇಟಾ ತೆರೆದು ಎಂಜಿನ್ ಕಂಪ್ಯೂಟರ್, ಎಬಿಎಸ್ ಕಂಪ್ಯೂಟರ್, ದೀಪ-ಬಾಗಿಲುಗಳನ್ನು ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್ ಈ ಮೂರರಲ್ಲೂ ಬ್ರೇಕ್ ಸ್ಥಿತಿ ಏನೆಂದು ನೋಡಿ. ಇದು ಬಹಳ ಸಮಯ ಉಳಿಸುವ ಹೆಜ್ಜೆ. ಮೂರೂ ಕಡೆ ಒಂದೇ ತಪ್ಪು ಕಂಡರೆ ಸೆನ್ಸರ್ ಅಥವಾ ಅದರ ಮೊದಲ ವೈರಿನ ಮೇಲೆ ಅನುಮಾನ. ಒಂದು ಮಾಡ್ಯೂಲಿಗೆ ಮಾತ್ರ ಸುದ್ದಿ ಮುಟ್ಟುತ್ತಿಲ್ಲವಾದರೆ ಸೆನ್ಸರ್ ಸರಿಯಿದೆ. ಆ ಮಾಡ್ಯೂಲಿಗೆ ಹೋಗುವ ಕವಲನ್ನು ಹುಡುಕಿ.

ಪೆಡಲನ್ನು ಒಮ್ಮೆಲೇ ತುಳಿಯಬೇಡಿ. ಐದು ಎಣಿಸುವಷ್ಟು ಹೊತ್ತು ತೆಗೆದುಕೊಂಡು ನಿಧಾನ ಇಳಿಸಿ, ಅಷ್ಟೇ ನಿಧಾನ ಬಿಡಿ. ಎರಡು ಸ್ವಿಚ್ಚುಗಳಲ್ಲಿ ಒಂದು ಸ್ವಲ್ಪ ಮೊದಲು, ಇನ್ನೊಂದು ಸ್ವಲ್ಪ ತಡವಾಗಿ ಬದಲಾಗುವುದು ಸಹಜ. ಆದರೆ ಪೆಡಲ್ ಅರ್ಧ ಇಳಿದರೂ ಒಂದು ಕದಲದೆ ಕೂತಿದ್ದರೆ ಅಳತೆ ತಪ್ಪಿದೆ. ಸ್ಕ್ಯಾನರಿನಲ್ಲಿ ಬ್ರೇಕ್ ಪ್ರೆಶರ್ ಕೂಡ ಕಂಡರೆ ಅದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಪ್ರೆಶರ್ 20 ಬಾರ್ ತೋರಿಸುತ್ತಿರುವಾಗ ಪೆಡಲ್ ಸೆನ್ಸರ್ 'ಒತ್ತಿಲ್ಲ' ಎಂದರೆ ಯಾರು ಸುಳ್ಳು ಹೇಳುತ್ತಿದ್ದಾರೆಂದು ಬೇರೆ ಹೇಳಬೇಕಿಲ್ಲ.

ಎರಡು ಮತ್ತು ನಾಲ್ಕು ವೈರಿನ ಸ್ವಿಚ್ ಅಳೆಯುವುದು

1. ಕನೆಕ್ಟರ್ ಕಳಚದೆ, ಹಿಂಬದಿಯಿಂದ ಪ್ರೋಬ್ ತೂರಿಸಿ. ಕಪ್ಪು ಪ್ರೋಬ್ ಗಾಡಿಯ ಬಣ್ಣವಿಲ್ಲದ ಲೋಹಕ್ಕೆ. ನಾಲ್ಕು ವೈರಿನದ್ದಾದರೆ ಕೀ ಆನ್ ಮಾಡಿ, ಏಕೆಂದರೆ ಎರಡನೇ ಸ್ವಿಚ್ಚಿಗೆ ಸಪ್ಲೈ ಬರುವುದು ಸಾಮಾನ್ಯವಾಗಿ ಕೀ ಮೂಲಕ.

2. ಬ್ರೇಕ್ ಲೈಟಿನ ಜೋಡಿಯಲ್ಲಿ ಒಂದು ಪಿನ್ನಿನಲ್ಲಿ ಯಾವಾಗಲೂ ಬ್ಯಾಟರಿ ವೋಲ್ಟೇಜ್, ಎಂಜಿನ್ ಆಫ್ ಇದ್ದಾಗ ಸುಮಾರು 12.4ರಿಂದ 12.6, ಇರಬೇಕು. ಎರಡೂ ಪಿನ್ನಿನಲ್ಲಿ ಸೊನ್ನೆ ಎಂದರೆ ಸಪ್ಲೈಯೇ ಬಂದಿಲ್ಲ. ಫ್ಯೂಸಿನ ಕಡೆ ಹಿಂದಿರುಗಿ. ಕೆಲವು ಗಾಡಿಗಳಲ್ಲಿ ಸ್ವಿಚ್ ಸಪ್ಲೈ ಬದಲು ಅರ್ಥನ್ನು ಕೂಡಿಸುತ್ತದೆ, ಹಾಗಾಗಿ ವೈರಿಂಗ್ ಚಿತ್ರ ನೋಡದೆ ತೀರ್ಪು ಕೊಡಬೇಡಿ.

3. ಪೆಡಲ್ ಒತ್ತಿ. ಈಗ ಎರಡನೇ ಪಿನ್ನಿನಲ್ಲೂ ಅಷ್ಟೇ ವೋಲ್ಟೇಜ್ ಬರಬೇಕು. ಬಂದೂ ದೀಪ ಉರಿಯದಿದ್ದರೆ ಸ್ವಿಚ್ಚನ್ನು ಮರೆತು ಮುಂದಿನ ವೈರಿಂಗ್, ಮಾಡ್ಯೂಲ್, ಬಲ್ಬಿನ ಕಡೆ ಹೋಗಿ.

4. ಪೆಡಲ್ ಒತ್ತಿ ಹಿಡಿದಿರುವಾಗಲೇ ಮೀಟರಿನ ಎರಡು ಪ್ರೋಬ್‌ಗಳನ್ನು ಸ್ವಿಚ್ಚಿನ ಎರಡು ಪಿನ್ನುಗಳ ನಡುವೆ ಇಡಿ. ಇದು ವೋಲ್ಟೇಜ್ ಡ್ರಾಪ್, ಅಂದರೆ ಸ್ವಿಚ್ಚಿನೊಳಗೇ ಕಳೆದುಹೋಗುವ ವೋಲ್ಟೇಜ್. 0.2 ವೋಲ್ಟಿನೊಳಗೆ ಇದ್ದರೆ ಸರಿ, 0.5 ದಾಟಿದರೆ ಒಳಗಿನ ಸಂಪರ್ಕ ಸುಟ್ಟಿದೆ.

5. ನಾಲ್ಕು ವೈರಿನ ಎರಡನೇ ಜೋಡಿಯಲ್ಲಿ ಇದೇ ಪರೀಕ್ಷೆ ತಲೆಕೆಳಗಾಗಿ: ಪೆಡಲ್ ಬಿಟ್ಟಾಗ ವೋಲ್ಟೇಜ್ ದಾಟಬೇಕು, ಒತ್ತಿದಾಗ ನಿಲ್ಲಬೇಕು.

ನಾಲ್ಕನೇ ಹೆಜ್ಜೆಯನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ, ಓಮ್ ಅಳೆದು ಮುಗಿಸುತ್ತಾರೆ. ಮೀಟರ್ ಓಮ್ ಅಳೆಯುವಾಗ ಹರಿಸುವುದು ತೀರಾ ಅಲ್ಪ ವಿದ್ಯುತ್. ಅಷ್ಟಕ್ಕೆ ಸುಟ್ಟ ಸಂಪರ್ಕವೂ 1 ಓಮ್‌ಗಿಂತ ಕಡಿಮೆ ತೋರಿಸಬಹುದು. ಆದರೆ ದೀಪದ 3 ಆಂಪಿಯರ್ ಹರಿಯಲು ಹೊರಟರೆ ಅಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ. ಆ 2 ವೋಲ್ಟ್ ಎಂದರೆ ಆ ಚಿಕ್ಕ ಗೂಡಿನೊಳಗೆ ಸುಮಾರು 6 ವ್ಯಾಟ್ ಬಿಸಿ. ಕನೆಕ್ಟರ್ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು ಇದರಿಂದಲೇ. ಓಮ್ ಅಳೆಯಲೇಬೇಕೆಂದಿದ್ದರೆ ಕನೆಕ್ಟರ್ ಕಳಚಿ, ಮೂತಿಯನ್ನು ಹೆಬ್ಬೆರಳಿನಿಂದ ಇಪ್ಪತ್ತು ಸಲ ಒತ್ತಿ ಬಿಟ್ಟು ನೋಡಿ. ಪ್ರತಿ ಸಲವೂ ಒಂದೇ ಅಂಕಿ ಬರಬೇಕು. ಒಮ್ಮೆ 0.4, ಇನ್ನೊಮ್ಮೆ 18, ಮತ್ತೊಮ್ಮೆ 'ಓಎಲ್' (ಸಂಪರ್ಕವೇ ಇಲ್ಲ) ಬಂದರೆ ಅದರ ಆಯಸ್ಸು ಮುಗಿದಿದೆ.

ಫ್ಯೂಸ್ ಕೂಡಿಸಿದ ಜಂಪರ್ ವೈರನ್ನು ಎರಡು ವೈರಿನ ಕನೆಕ್ಟರ್‌ನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಕೊಟ್ಟಾಗ ದೀಪ ಉರಿದರೆ ವೈರಿಂಗ್ ಸರಿ, ಸ್ವಿಚ್ ತಪ್ಪು. ಈ ಉಪಾಯ ಸಾದಾ ಸ್ವಿಚ್ಚಿಗೆ ಮಾತ್ರ. 5 ವೋಲ್ಟಿನ ಸೆನ್ಸರ್ ಕನೆಕ್ಟರಿನಲ್ಲಿ ಹೀಗೆ ಮಾಡಿದರೆ ಕಂಪ್ಯೂಟರೇ ಸುಡಬಹುದು.

ಸ್ವಿಚ್ಚುಗಳು ಸುಮ್ಮನೆ ಏಕೆ ಕೆಡುತ್ತವೆ ಎಂದು ಕೇಳಿದರೆ ಒಂದು ಕಾರಣ ಸಿಲಿಕೋನ್. ಕಿರುಗುಟ್ಟುವ ಪೆಡಲ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತಾರೆ. ಅದರ ಆವಿ ಸ್ವಿಚ್ಚಿನೊಳಗೆ ಸೇರಿ, ಸಂಪರ್ಕ ಕೂಡಿ ಬಿಡುವಾಗ ಹಾರುವ ಕಿಡಿಗೆ ಸುಟ್ಟು, ಸಿಲಿಕಾ ಆಗಿ ಲೋಹದ ಮೇಲೆ ಕೂರುತ್ತದೆ. ಸಿಲಿಕಾ ಎಂದರೆ ಮರಳಿನ ದ್ರವ್ಯ, ವಿದ್ಯುತ್ತನ್ನು ಬಿಡುವುದಿಲ್ಲ. ಪೆಡಲ್ ಕೀಲಿಗೆ ಲಿಥಿಯಂ ಗ್ರೀಸ್ ತುಸುವೇ ಹಚ್ಚಿದರೆ ಸಾಕು. ಈ ಪುಟ್ಟ ಭಾಗ ಎಷ್ಟು ದೊಡ್ಡ ತಲೆನೋವಾಗಬಲ್ಲದು ಎಂಬುದಕ್ಕೆ 2013ರ ಏಪ್ರಿಲ್‌ನ ಘಟನೆ ಸಾಕು: ಬ್ರೇಕ್ ಲೈಟ್ ಸ್ವಿಚ್ ಒಂದಕ್ಕಾಗಿಯೇ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ 16 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿಕೊಂಡವು.

5 ವೋಲ್ಟಿನ ಸೆನ್ಸರ್ ಅಳೆಯುವುದು

ಕೀ ಆನ್, ಎಂಜಿನ್ ಆಫ್. ಕನೆಕ್ಟರ್ ಕೂಡಿಕೊಂಡೇ ಇರಲಿ. ಮೊದಲು ರೆಫರೆನ್ಸ್ ವೈರು: 4.8ರಿಂದ 5.2 ವೋಲ್ಟ್. ಆಮೇಲೆ ಸೆನ್ಸರಿನ ಅರ್ಥ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ: 0.05 ವೋಲ್ಟಿಗಿಂತ ಕಡಿಮೆ. ಈ ಎರಡು ಸರಿಯಿಲ್ಲದೆ ಸಿಗ್ನಲ್ ನೋಡುವುದರಲ್ಲಿ ಅರ್ಥವಿಲ್ಲ, ಅಡಿಪಾಯವೇ ಓರೆಯಾದ ಮೇಲೆ ಗೋಡೆ ಅಳೆದಂತೆ.

ರೆಫರೆನ್ಸ್ 5 ವೋಲ್ಟ್ ಬರುತ್ತಿಲ್ಲವೆಂದರೆ ಸೆನ್ಸರ್ ಕನೆಕ್ಟರ್ ಕಳಚಿ ಮತ್ತೆ ನೋಡಿ. ಕಳಚಿದೊಡನೆ 5 ವೋಲ್ಟ್ ಮರಳಿ ಬಂದರೆ ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಬರದಿದ್ದರೆ ಅವಸರದಲ್ಲಿ ಕಂಪ್ಯೂಟರನ್ನು ದೂರಬೇಡಿ. ಒಂದೇ 5 ವೋಲ್ಟ್ ಲೈನನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಎಲ್ಲೋ ಮೂಲೆಯ ಬೇರೊಂದು ಸೆನ್ಸರ್ ಶಾರ್ಟ್ ಆಗಿ ಎಲ್ಲರನ್ನೂ ಕೆಳಗೆಳೆದಿರಬಹುದು. ಆ ಲೈನಿನ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ, ಯಾವುದನ್ನು ಕಳಚಿದಾಗ ವೋಲ್ಟೇಜ್ ಜೀವ ಪಡೆಯುತ್ತದೋ ಅದೇ ಅಪರಾಧಿ.

ಈಗ ಸಿಗ್ನಲ್. ಪೆಡಲ್ ಬಿಟ್ಟಿರುವಾಗ ಹಲವು ಗಾಡಿಗಳಲ್ಲಿ ಅರ್ಧದಿಂದ ಒಂದು ವೋಲ್ಟಿನ ಆಸುಪಾಸು ಇರುತ್ತದೆ, ಒತ್ತುತ್ತ ಹೋದಂತೆ ಏರುತ್ತದೆ. ನಿಖರ ಅಂಕಿ ಆಯಾ ಗಾಡಿಯ ಸರ್ವಿಸ್ ಕೈಪಿಡಿಯದ್ದೇ ಆಗಬೇಕು. ಅಂಕಿಗಿಂತ ಹೆಚ್ಚು ಗಮನ ಕೊಡಬೇಕಾದ್ದು ಏರಿಕೆಯ ನಡೆಗೆ. ನಡುವೆ ಜಿಗಿತ, ಕುಸಿತ, ಸ್ತಬ್ಧತೆ ಇರಬಾರದು. ಒಳಗೆ ಉಜ್ಜುತ್ತ ಸರಿಯುವ ಸಂಪರ್ಕವಿರುವ ಪೊಟೆನ್ಷಿಯೋಮೀಟರ್ ಮಾದರಿಯಲ್ಲಿ ಸವೆಯುವುದು ಪೆಡಲ್‌ನ ಮೇಲ್ಭಾಗದ ಚಲನೆಯಲ್ಲಿ, ಏಕೆಂದರೆ ದಿನನಿತ್ಯ ಬ್ರೇಕ್ ಆಡುವುದು ಅಷ್ಟರಲ್ಲೇ. ಆದ್ದರಿಂದ ಮೊದಲ ಎರಡು ಸೆಂಟಿಮೀಟರನ್ನು ಹಲವು ಸಲ, ತೀರಾ ನಿಧಾನವಾಗಿ ಪರೀಕ್ಷಿಸಿ. ಮೀಟರಿನ ಅಂಕಿ ಬದಲಾಗುವುದು ತಡ, ಕ್ಷಣಮಾತ್ರದ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಮಿನ್-ಮ್ಯಾಕ್ಸ್ ಗುಂಡಿ ಇದ್ದರೆ ಒತ್ತಿಟ್ಟುಕೊಳ್ಳಿ, ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು.

ಎರಡು ಸಿಗ್ನಲ್ ಇರುವ ಸೆನ್ಸರಿನಲ್ಲಿ ಎರಡನ್ನೂ ಒಟ್ಟಿಗೆ ಗಮನಿಸಬೇಕು. ಕೆಲವದರಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಎರಡರ ಮೊತ್ತ ಸದಾ 5 ವೋಲ್ಟಿನ ಹತ್ತಿರ. ಕೆಲವದರಲ್ಲಿ ಒಂದು ಇನ್ನೊಂದರ ಅರ್ಧ. ನಿಮ್ಮದು ಯಾವ ಬಗೆಯೋ ಆ ಸಂಬಂಧ ಪೆಡಲ್‌ನ ಇಡೀ ದಾರಿಯಲ್ಲಿ ಕದಡಬಾರದು.

ಹಾಲ್ ಸೆನ್ಸರಿಗೆ ಓಮ್ ಮೀಟರ್ ಹಚ್ಚಿ ಪ್ರಯೋಜನವಿಲ್ಲ. ಒಳಗಿರುವುದು ಎಲೆಕ್ಟ್ರಾನಿಕ್ ಚಿಪ್, ಅದಕ್ಕೆ ಸಪ್ಲೈ ಕೊಟ್ಟೇ ಮಾತಾಡಿಸಬೇಕು. ಕೆಲವು ಹಾಲ್ ಸೆನ್ಸರ್‌ಗಳು ವೋಲ್ಟೇಜ್ ಬದಲು ಮಿಡಿತಗಳನ್ನು ಕಳಿಸುತ್ತವೆ. ಅಲ್ಲಿ ಮೀಟರ್ ತೋರಿಸುವುದು ಸರಾಸರಿ ಮಾತ್ರ. ಡ್ಯೂಟಿ ಸೈಕಲ್ (ಮಿಡಿತ ಆನ್ ಇರುವ ಹೊತ್ತಿನ ಪಾಲು) ಅಳೆಯುವ ಮೀಟರ್ ಅಥವಾ ಸ್ಕೋಪ್ ಬೇಕು.

ಸೆನ್ಸರ್ ತಪ್ಪೋ ವೈರ್ ತಪ್ಪೋ ಎಂದು ಇನ್ನೂ ಸಂಶಯವಿದ್ದರೆ, ಪೊಟೆನ್ಷಿಯೋಮೀಟರ್ ಮಾದರಿಗೆ ಒಂದು ಖಚಿತ ಪರೀಕ್ಷೆ ಇದೆ. ಕನೆಕ್ಟರ್ ಕಳಚಿ, 1 ಕಿಲೋ ಓಮ್ ರೆಸಿಸ್ಟರ್ ಮೂಲಕ ವೈರಿಂಗ್ ಕಡೆಯ ಸಿಗ್ನಲ್ ಪಿನ್ನನ್ನು 5 ವೋಲ್ಟ್ ಪಿನ್ನಿಗೆ ಕೂಡಿಸಿ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಸಿಗ್ನಲ್ ಮೇಲೇರಬೇಕು. ಅರ್ಥ್ ಪಿನ್ನಿಗೆ ಕೂಡಿಸಿದರೆ ಕೆಳಗಿಳಿಯಬೇಕು. ಎರಡೂ ಆದರೆ ವೈರು ಮತ್ತು ಕಂಪ್ಯೂಟರ್ ಎರಡೂ ಆರೋಗ್ಯವಾಗಿವೆ, ಈಗ ಧೈರ್ಯವಾಗಿ ಸೆನ್ಸರ್ ಬದಲಿಸಬಹುದು. ಹೀಗೆ ಮಾಡಿದ್ದರಿಂದ ಹೊಸ ಕೋಡ್‌ಗಳು ಹುಟ್ಟುತ್ತವೆ, ಕೊನೆಗೆ ಅಳಿಸಿ.

ಬಂದು ಹೋಗುವ ತೊಂದರೆ

ಹೊಂಡಕ್ಕೆ ಬಿದ್ದಾಗ ದೀಪ ಹತ್ತಿ, ಮನೆ ಮುಟ್ಟುವಾಗ ಆರುವ ತೊಂದರೆಯೇ ಎಲ್ಲಕ್ಕಿಂತ ಹೆಚ್ಚು ಕಾಡುವುದು. ಇಲ್ಲಿ ಸಂಶಯ ಸೆನ್ಸರಿಗಿಂತ ಪಿನ್ನುಗಳ ಮೇಲೆ ಹೆಚ್ಚಿರಲಿ. ಲೈವ್ ಡೇಟಾ ನೋಡುತ್ತ, ಕನೆಕ್ಟರಿನಿಂದ ಶುರುಮಾಡಿ ವೈರಿನ ಕಟ್ಟನ್ನು ಒಂದೊಂದು ಗೇಣಿಗೆ ಅಲ್ಲಾಡಿಸುತ್ತ ಹೋಗಿ. ಕನೆಕ್ಟರ್ ಕಳಚಿ ಪಿನ್ನುಗಳಲ್ಲಿ ಹಸಿರು ಪುಡಿ, ತೇವ, ಎಣ್ಣೆ ಇದೆಯೇ ನೋಡಿ. ಮಾಸ್ಟರ್ ಸಿಲಿಂಡರಿನಿಂದ ಒಸರಿದ ಬ್ರೇಕ್ ಆಯಿಲ್ ಪುಶ್‌ರಾಡ್ ಹಾದಿಯಲ್ಲಿ ಕೆಳಗಿಳಿದು ಸ್ವಿಚ್ಚಿಗೆ ಮುಟ್ಟುವುದುಂಟು. ಹಾಗಿದ್ದರೆ ಮೊದಲು ಬದಲಾಗಬೇಕಾದ್ದು ಮಾಸ್ಟರ್ ಸಿಲಿಂಡರ್.

ಹೆಣ್ಣು ಪಿನ್ನು ಅಗಲಗೊಂಡಿದೆಯೇ ಎಂದು ತಿಳಿಯಲು ಅದೇ ಅಳತೆಯ ಬಿಡಿ ಗಂಡು ಪಿನ್ನೊಂದನ್ನು ತೂರಿಸಿ ಎಳೆದು ನೋಡಿ, ಸ್ವಲ್ಪ ಹಿಡಿತ ಕೈಗೆ ತಿಳಿಯಬೇಕು. ಕಣ್ಣಿಗೆ ಶುಭ್ರವಾಗಿ ಕಂಡರೂ ಪಿನ್ನುಗಳು ಅದುರಾಟದಿಂದ ಸೂಕ್ಷ್ಮವಾಗಿ ಉಜ್ಜಿಕೊಂಡು ಮೇಲ್ಮೈಯಲ್ಲಿ ಆಕ್ಸೈಡ್ ಪದರ ಕಟ್ಟಬಲ್ಲವು. 2014ರ ಮೇ ತಿಂಗಳಲ್ಲಿ ಜನರಲ್ ಮೋಟರ್ಸ್ 24 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಬಾಡಿ ಕಂಟ್ರೋಲ್ ಮಾಡ್ಯೂಲಿನ ಸಂಪರ್ಕದಲ್ಲಿ ಇಂಥ ತುಕ್ಕಿನಿಂದ ಬ್ರೇಕ್ ಲೈಟ್ ಕೆಡುತ್ತಿದ್ದುದಕ್ಕೆ. ಪೆಡಲ್ ಸೆನ್ಸರ್ ಎಷ್ಟು ಸಲ ಬದಲಿಸಿದರೂ ಅದು ಗುಣವಾಗುವಂಥದ್ದಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಕನೆಕ್ಟರಿಗೆಂದೇ ಇರುವ ಡೈಎಲೆಕ್ಟ್ರಿಕ್ ಗ್ರೀಸನ್ನು ಮಾಡ್ಯೂಲಿನ ಪಿನ್ನುಗಳಿಗೆ ಹಚ್ಚುವುದು ಅಲ್ಲಿನ ಮದ್ದು. ತೆರೆದ ಸ್ವಿಚ್ಚಿನ ಹತ್ತಿರ ಮಾತ್ರ ಆ ಗ್ರೀಸ್ ಬೇಡ, ಅದರಲ್ಲೂ ಇರುವುದು ಸಿಲಿಕೋನೇ.

ಬದಲಿಸುವಾಗ ಅಳತೆ ತಪ್ಪಿದರೆ ಬ್ರೇಕೇ ಕಚ್ಚುತ್ತದೆ

ತಿರುಪಿನ ಮರೆ (ಥ್ರೆಡ್) ಇರುವ ಸ್ವಿಚ್ಚಾದರೆ ಲಾಕ್ ನಟ್ ಸಡಿಲಿಸಿ ತಿರುಗಿಸಿ ತೆಗೆಯಿರಿ. ಹೊಸದನ್ನು ತಿರುಗಿಸುತ್ತ ಅದರ ಮರೆಯ ತುದಿ ಪೆಡಲ್ ಬಿರಡೆಗೆ ತಾಗುವ ತನಕ ಒಳಗೆ ಕೊಡಿ, ಆಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ. ತುದಿಗೂ ಬಿರಡೆಗೂ ನಡುವಿನ ಸಂದು ಸಾಮಾನ್ಯವಾಗಿ 1ರಿಂದ 2 ಮಿಲಿಮೀಟರ್. ಕೈಪಿಡಿಯ ಅಂಕಿ ಬೇರೆ ಇದ್ದರೆ ಅದೇ ಅಂತಿಮ. ಫೀಲರ್ ಗೇಜ್ ತೂರಿಸಿ ಖಚಿತಪಡಿಸಿಕೊಂಡು ಲಾಕ್ ನಟ್ ಬಿಗಿಯಿರಿ.

ಇಲ್ಲಿ ಒಂದು ಮಿಲಿಮೀಟರಿನ ಉದಾಸೀನ ದುಬಾರಿ. ಸ್ವಿಚ್ ಜಾಸ್ತಿ ಒಳಗೆ ಹೋದರೆ ಪೆಡಲ್ ಪೂರ್ತಿ ಮೇಲೆ ಬರಲು ಅದು ಬಿಡುವುದಿಲ್ಲ. ಪೆಡಲ್ ಬಾರದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಕೂಡ ಪೂರ್ತಿ ಹಿಂದೆ ಸರಿಯುವುದಿಲ್ಲ. ಆಯಿಲ್ ಡಬ್ಬಿಗೆ ಮರಳುವ ಪುಟ್ಟ ರಂಧ್ರ ಮುಚ್ಚಿಯೇ ಉಳಿಯುತ್ತದೆ. ಗಾಡಿ ಓಡಿದಂತೆ ಬ್ರೇಕ್ ಬಿಸಿಯಾಗಿ ಆಯಿಲ್ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಹೊರದಾರಿ ಇಲ್ಲದೆ ಪ್ಯಾಡುಗಳನ್ನೇ ತಳ್ಳುತ್ತದೆ, ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ. ಕೆಲವೇ ಕಿಲೋಮೀಟರಿನಲ್ಲಿ ಗಾಡಿ ತಾನಾಗಿ ಬ್ರೇಕ್ ಹಿಡಿದುಕೊಂಡು ನಿಲ್ಲಬಹುದು. ಬಿರಡೆಯ ಬದಲು ದಪ್ಪ ತಲೆಯ ಬೋಲ್ಟ್ ಬೇಡವೆಂದದ್ದು ಇದಕ್ಕೇ.

ತಾನಾಗಿ ಅಳತೆ ಹೊಂದಿಸಿಕೊಳ್ಳುವ ಸ್ವಿಚ್ಚಿನದ್ದು ಬೇರೆ ವಿಧಾನ. ಹಾಕುವ ಮೊದಲು ಅದರ ಮೂತಿಯನ್ನು ಪೂರ್ತಿ ಹೊರಗೆಳೆಯಬೇಕು. ಪೆಡಲನ್ನು ಕೈಯಿಂದ ಕೆಳಗೆ ಹಿಡಿದು, ಸ್ವಿಚ್ಚನ್ನು ಬ್ರಾಕೆಟ್ಟಿಗೆ ತೂರಿಸಿ, ಕ್ಲಿಕ್ ಎನ್ನುವವರೆಗೆ ತಿರುಗಿಸಿ, ಆಮೇಲೆ ಪೆಡಲನ್ನು ಮೆಲ್ಲಗೆ ಮೇಲಕ್ಕೆ ಬಿಡಬೇಕು. ಬರುವ ಪೆಡಲ್ ಮೂತಿಯನ್ನು ಎಷ್ಟು ಬೇಕೋ ಅಷ್ಟು ಒಳಗೆ ತಳ್ಳಿ ಹಲ್ಲುಗಳ ಮೇಲೆ ನಿಲ್ಲಿಸುತ್ತದೆ. ಪೆಡಲ್ ಒತ್ತದೆ ಹಾಕಿದರೆ ಅಳತೆ ಮೊದಲ ಕ್ಷಣದಲ್ಲೇ ತಪ್ಪುತ್ತದೆ. ಕೆಲವು ಮಾದರಿಗಳು ಒಮ್ಮೆ ಮಾತ್ರ ಹೊಂದಿಕೊಳ್ಳುವಂಥವು, ತೆಗೆದರೆ ಮತ್ತೆ ಹಾಕುವಂತಿಲ್ಲ. 'ಹೊಸ ಸ್ವಿಚ್ ಹಾಕಿದರೂ ಅದೇ ಕೋಡ್' ಎಂಬ ದೂರಿನ ಹಿಂದೆ ಇದು ಎಷ್ಟೋ ಸಲ ಇರುತ್ತದೆ.

5 ವೋಲ್ಟಿನ ಸೆನ್ಸರ್ ಮತ್ತು ಸ್ಟ್ರೋಕ್ ಸೆನ್ಸರ್‌ಗಳನ್ನು ಹಾಕಿದ ಮೇಲೆ ಸ್ಕ್ಯಾನರಿನಿಂದ ಸೊನ್ನೆ ಸ್ಥಾನವನ್ನು ಕಲಿಸಬೇಕು. ಪೆಡಲ್ ಮೇಲೆ ಕಾಲಿಡದೆ, ಗಾಡಿ ಅಲ್ಲಾಡದೆ, ಬ್ಯಾಟರಿ ತುಂಬಿರುವಾಗ ಇದನ್ನು ಮಾಡಿ. ಕಲಿಸದೆ ಬಿಟ್ಟರೆ ಕಂಪ್ಯೂಟರ್ ಹಳೆಯ ಸೆನ್ಸರಿನ ಸೊನ್ನೆಯನ್ನೇ ನಂಬಿಕೊಂಡು, ಒತ್ತದ ಪೆಡಲನ್ನು ಒತ್ತಿದೆ ಎಂದುಕೊಳ್ಳುತ್ತದೆ. ಹಲವು ಹೈಬ್ರಿಡ್ ಗಾಡಿಗಳ ಬ್ರೇಕ್ ವ್ಯವಸ್ಥೆಯಲ್ಲಿ ಎಂಜಿನ್ ಆಫ್ ಇದ್ದರೂ ಆಯಿಲ್ ಹೆಚ್ಚಿನ ಒತ್ತಡದಲ್ಲಿ ಶೇಖರವಾಗಿರುತ್ತದೆ, ಬಾಗಿಲು ತೆರೆದರೂ ಪಂಪ್ ಓಡಬಹುದು. ಅಲ್ಲಿ ಸೆನ್ಸರಿನ ವಿದ್ಯುತ್ ಪರೀಕ್ಷೆವರೆಗೆ ನೀವು ಹೋಗಬಹುದು. ಹೈಡ್ರಾಲಿಕ್ ಭಾಗವನ್ನು ತರಬೇತಿ ಇದ್ದವರಿಗೆ ಬಿಡಿ.

ರಸ್ತೆಗಿಳಿಯುವ ಮುನ್ನ

ಪೆಡಲ್ ಸುಮಾರು ಒಂದು ಸೆಂಟಿಮೀಟರ್ ಇಳಿಯುವುದರೊಳಗೆ ಬ್ರೇಕ್ ಲೈಟ್ ಹತ್ತಬೇಕು, ಬಿಟ್ಟೊಡನೆ ಆರಬೇಕು. ಕತ್ತಲಲ್ಲಿ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿದರೆ ಕನ್ನಡಿಯಲ್ಲೇ ಕಾಣುತ್ತದೆ. ಕೋಡ್ ಅಳಿಸಿ, ಕೀ ಆಫ್ ಮಾಡಿ ಆನ್ ಮಾಡಿ, ಲೈವ್ ಡೇಟಾದಲ್ಲಿ ಹತ್ತು ಸಲ ಪೆಡಲ್ ಒತ್ತಿ ನೋಡಿ. 'ಪಿ'ಯಿಂದ ಲಿವರ್ ಬ್ರೇಕ್ ಒತ್ತದೆ ಬರಬಾರದು, ಒತ್ತಿದಾಗ ಬರಬೇಕು. ತೆರವಾದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಪೆಡಲನ್ನು ಬೆರಳ ತುದಿಯಷ್ಟು ಮುಟ್ಟಿದರೂ ಅದು ಬಿಡಬೇಕು. ನಾಲ್ಕೈದು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ನಾಲ್ಕೂ ಕಡೆಯಿಂದ ಬೆಂಕಿಯ ಝಳ ಹೊಡೆಯುತ್ತಿದ್ದರೆ ಹಿಂತಿರುಗಿ ಆ ಒಂದು ಮಿಲಿಮೀಟರನ್ನು ಮತ್ತೆ ಅಳೆಯಿರಿ.